ಕಣ್ಗುಳಿ ತುಂಬಿಸಿಕೊಂಡದ್ದು

ನನ್ನ ಬಲಗಣ್ಣಿನ ಮೇಲಿದ್ದ ಕುಳಿಯಲ್ಲಿ ಹನ್ನೊಂದು ಹುರುಳಿಕಾಳು ಕೂರುತ್ತಿದ್ದವು, ಎಡಗಣ್ಣಿನ ಮೇಲಿನದರಲ್ಲಿ ಹತ್ತು. ಊರಿನಲ್ಲಿ ಅಷ್ಟು ಕಾಳು ಇನ್ಯಾರಿಗೂ ಕೂತದ್ದಿಲ್ಲ. ನನಗಿಂತ ಹಿಂದಿನ ಕಾಲದವನು, ಶಾಲೆಯ ಗಂಟೆ ಹೊಡೆಯುವ ಮರಿಯಪ್ಪ, ಅವನಿಗೆ ಏಳು ಕೂರುತ್ತಿದ್ದವಂತೆ. ಅವನು ತೀರಿಕೊಂಡ ದಿನ ಅರ್ಧ ಊರು ಅತ್ತಿತು, ಇನ್ನರ್ಧ ಊರು ಹೊಟ್ಟೆ ತುಂಬ ಉಂಡಿತು ಅಂತ ನಮ್ಮಪ್ಪ ಹೇಳುತ್ತಿದ್ದ.

ಬೇರೆ ಊರಿನ ವಿಚಾರ ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಇನ್ನೊಬ್ಬರು ಗುಟ್ಟಾಗಿ ಹೇಳಿದ್ದನ್ನು ಬಾಯಿ ಬಿಡದೆ ಇಟ್ಟುಕೊಂಡರೆ ಕಣ್ಣಿನ ಮೇಲ್ರೆಪ್ಪೆ ಒಂದಿಷ್ಟು ಒಳಕ್ಕೆ ಇಳಿಯುತ್ತದೆ. ಬಾಯಿ ಬಿಟ್ಟರೆ ಉಬ್ಬಿಕೊಳ್ಳುತ್ತದೆ. ಅದಕ್ಕೇ ಸುಗ್ಗಿ ಮುಗಿದ ಮೇಲೆ ಒಂದು ದಿನ ಚಾವಡಿಯಲ್ಲಿ ಕಾಳು ಕೂರಿಸುವ ಶಾಸ್ತ್ರ. ದೊಡ್ಡವರೆಲ್ಲ ಸಾಲಾಗಿ ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಮಂಡಿಯೂರಿ ಹುಬ್ಬಿನ ಕೆಳಗಿನ ಕುಳಿಗೆ ಒಂದೊಂದೇ ಹುರುಳಿಕಾಳು ಇಡುತ್ತಾ ಹೋಗುತ್ತಾರೆ. ಜಾರದೆ ನಿಂತಷ್ಟು ಅವರವರ ಲೆಕ್ಕ. ಹೆಣ್ಣು ಕೊಡುವವರು ಹುಡುಗನ ಜಮೀನು ಆಮೇಲೆ ಕೇಳುತ್ತಾರೆ, ಮೊದಲು ಕಾಳೆಷ್ಟು ಅಂತ ಕೇಳುತ್ತಾರೆ. ಒಂದೂ ಕೂರದವನಿಗೆ ಹೆಣ್ಣಿಲ್ಲ. ಐದು ದಾಟಿದವನಿಗೂ ಹೆಣ್ಣಿಲ್ಲ, ಅಂಥವನ ಜೊತೆ ಸಂಸಾರ ಮಾಡುವುದು ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ ಅಂತಾರೆ. ನನಗೆ ಮದುವೆಯಾದಾಗ ಮೂರೇ ಮೂರು.

ನಾನು ಕಲಾಯಿ ಹಾಕುವವನು. ಹೆಸರು ಸೋಮಾಚಾರಿ, ಊರಿಗೆಲ್ಲ ಆಚಾರಜ್ಜ. ಬಸ್ ಸ್ಟ್ಯಾಂಡಿನ ಹಿಂದೆ ಹೊಂಗೆಮರದ ಕೆಳಗೆ ನನ್ನ ತಿದಿ, ಒಲೆ, ಇಕ್ಕಳ. ತಾಮ್ರದ್ದೋ ಹಿತ್ತಾಳೆಯದೋ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒಳಗೆಲ್ಲ ತಿಕ್ಕಿದರೆ ಬೆಳ್ಳಿಯ ಹಾಗೆ ಬೆಳಗುತ್ತದೆ. ದೊಡ್ಡ ಪಾತ್ರೆಗೆ ಅರ್ಧ ಗಂಟೆ ಬೇಕು. ತಂದವರು ಎದುರಿಗೆ ಕಲ್ಲಿನ ಮೇಲೆ ಕೂತು ಕಾಯಬೇಕು. ನವಸಾಗರದ ಹೊಗೆ ಎದ್ದಾಗ ಅವರಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವರದು ಕಾಣುವುದಿಲ್ಲ. ಆ ಹೊಗೆಯಲ್ಲಿ ಜನ ಬಾಯಿ ಬಿಡುತ್ತಾರೆ. ನಾನು ತಿದಿ ಒತ್ತುತ್ತಾ ಹೂಂ ಅನ್ನುತ್ತಿದ್ದೆ. ಓದಿದ್ದು ಎರಡನೇ ಕ್ಲಾಸು, ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಹಾಗಾಗಿ ಕೇಳಿದ್ದು ಯಾವುದೂ ಮರೆಯುವುದಿಲ್ಲ. ಯಾವ ವರ್ಷ, ಯಾವ ಪಾತ್ರೆ, ಯಾರು, ಏನಂದರು, ಎಲ್ಲಾ ಇದೆ.

ಸ್ಟೀಲು ಬಂದ ಮೇಲೆ ಸುತ್ತಲ ಕಲಾಯಿಯವರೆಲ್ಲ ತಿದಿ ಮಡಿಸಿಟ್ಟರು. ನನ್ನ ಹತ್ತಿರ ಮಾತ್ರ ಸಾಲು ಕರಗಲಿಲ್ಲ. ಹೋದ ವಾರ ಕಲಾಯಿ ಹಾಕಿಸಿಕೊಂಡು ಹೋದ ಚೊಂಬನ್ನೇ ಈ ವಾರ ಮತ್ತೆ ತರುತ್ತಿದ್ದರು. ಒಂದು ಸಲ ಹಿಟ್ಟಿನ ಗಿರಣಿಯ ತಾಯಮ್ಮ ಸ್ಟೀಲಿನ ಲೋಟ ತಂದು ಮುಂದಿಟ್ಟಳು.

“ಸ್ಟೀಲಿಗೆ ಕಲಾಯಿ ಹಾಕಲ್ಲ ಕಣವ್ವ,” ಅಂದೆ.

“ಹಾಕ್ದಂಗೆ ಮಾಡು ಆಚಾರಜ್ಜ. ನಂಗೆ ಅರ್ಧ ಗಂಟೆ ಬೇಕು.”

ಹಾಕಿದ ಹಾಗೆ ಮಾಡಿದೆ. ಆವತ್ತು ನನ್ನ ಬಲಗಣ್ಣಿನಲ್ಲಿ ಎಂಟನೇ ಕಾಳಿಗೆ ಜಾಗವಾಯಿತು.

ಊರು ನನ್ನನ್ನು ಮರ್ಯಾದೆಯಿಂದ ನೋಡಿಕೊಂಡಿತು, ಇಲ್ಲ ಅನ್ನುವುದಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿಯ ಮೊದಲ ಎಲೆ ನನಗೇ. ಆದರೆ ಪಕ್ಕದ ಎರಡು ಎಲೆ ಖಾಲಿ. ಎಲ್ಲರ ಮಾತೂ ಗೊತ್ತಿರುವವನ ಎದುರು ಯಾರು ತಾನೇ ಮಾತಾಡುತ್ತಾರೆ. ಒಂದೋ ಮೂಲೆಗೆ ಕರೆದು ಪೂರ್ತಿ ಹೇಳುತ್ತಾರೆ, ಇಲ್ಲವೇ ಏನೂ ಹೇಳುವುದಿಲ್ಲ. ಇವೆರಡರ ನಡುವೆ ಮನುಷ್ಯರು ದಿನಕ್ಕೆ ಎಷ್ಟೋ ಮಾತಾಡುತ್ತಾರಲ್ಲ, ಬಿಸಿಲು ಜಾಸ್ತಿ, ಬದನೆಕಾಯಿ ಕಹಿ, ಬಸ್ಸು ತಡ, ಅದೊಂದೂ ನನ್ನ ಪಾಲಿಗೆ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಸರಸಮ್ಮ. ಅವಳ ರೆಪ್ಪೆಗಳು ಈಗತಾನೆ ಹಬೆಯಿಂದ ತೆಗೆದ ಇಡ್ಲಿಯ ಹಾಗೆ. ಕಿವಿಗೆ ಬಿದ್ದದ್ದನ್ನು ಬೀದಿ ನಲ್ಲಿ ಮುಟ್ಟುವವರೆಗೂ ತಡೆದವಳಲ್ಲ. ಒಂದು ವರ್ಷ ಮೇಷ್ಟ್ರು ಅವಳ ಕಣ್ಣಿನ ಮೇಲಿಟ್ಟ ಕಾಳು ಉರುಳಿ ಪಕ್ಕದ ಚಾಪೆಯವನ ಕಿವಿಗೆ ಹೋಗಿತ್ತು. ಹಾಗಾಗಿ ನಾನು ಅವಳಿಗೂ ಏನೂ ಹೇಳುವಂತಿರಲಿಲ್ಲ. “ಊರನ್ನೆಲ್ಲ ಕಣ್ಣಲ್ಲಿ ಹೂತಿಟ್ಕೊಂಡು ಕೂತಿದೀರ, ಕಟ್ಕೊಂಡೋಳಿಗೆ ಒಂದ್ ಚೂರು ಹಾಕ್ಲಿಲ್ಲ,” ಅಂತ ಬಹಳ ವರ್ಷ ಅಂದಳು. ಆಮೇಲೆ ಅನ್ನುವುದನ್ನೂ ಬಿಟ್ಟಳು. ಅನ್ನ ಬಡಿಸಿ ಬಿಂದಿಗೆ ಎತ್ತಿಕೊಂಡು ನಲ್ಲಿ ಕಡೆ ಹೋಗುತ್ತಿದ್ದಳು. ನಾನು ಗೋಡೆ ನೋಡಿಕೊಂಡು ಉಣ್ಣುತ್ತಿದ್ದೆ.

ಒಂದು ಬೆಳಿಗ್ಗೆ ಕೆಂಚಣ್ಣನ ಹೋಟೆಲಿನ ಒಳಗಿಂದ ನಗು ಕೇಳಿಸಿತು. ಎಂಥ ನಗು ಅಂತೀರಿ, ಬೆಂಚು ಕುಟ್ಟಿ, ಕೆಮ್ಮು ಬಂದು, ಮತ್ತೆ ಬೆಂಚು ಕುಟ್ಟುವ ನಗು. ನಾನು ಒಳಗೆ ಕಾಲಿಟ್ಟೆ. ನಿಂತುಹೋಯಿತು. ಕೆಂಚಣ್ಣ ರೇಡಿಯೋ ಜೋರು ಮಾಡಿದ.

“ಏನೋ ನಗ್ತಿದ್ರಲ್ಲ,” ಅಂದೆ.

“ಏನಿಲ್ಲ, ಬಾ ಆಚಾರಜ್ಜ. ಟೀ ಕುಡಿ.”

“ಹೇಳ್ರಪ್ಪ, ನಾನೂ ನಗ್ತೀನಿ.”

ಬೆಂಚಿನ ಮೇಲಿದ್ದ ಆರು ಜನ ಆರು ಕಡೆ ನೋಡಿದರು. ಅದರಲ್ಲಿ ಐದು ಜನರ ಒಳಗು ನನಗೆ ಗೊತ್ತು. ಆರನೆಯವನು ಇನ್ನೂ ಪಾತ್ರೆ ತಂದಿರಲಿಲ್ಲ. ಟೀ ಕುಡಿದು ಎದ್ದು ಬಂದೆ. ಹೊಂಗೆಮರ ತಲುಪುವಷ್ಟರಲ್ಲಿ ಹಿಂದಿನಿಂದ ಮತ್ತೆ ಬೆಂಚು ಕುಟ್ಟುವ ಸದ್ದು ಬಂತು. ನನಗೆ ಆಗ ಎಪ್ಪತ್ತೆರಡು. ಊರಿನ ಕಣ್ಣೀರೆಲ್ಲ ನನ್ನ ಹತ್ತಿರ ಬಂದಿತ್ತು, ಒಂದು ತಮಾಷೆ ಬಂದಿರಲಿಲ್ಲ. ಆ ಬೆಂಚಿನ ಮೇಲೆ ಒಂದು ಜಾಗ ಬೇಕು, ಯಾರಾದರೂ ನನ್ನ ಕಡೆ ತಿರುಗಿ ಇವತ್ತು ಚಟ್ನಿಗೆ ಉಪ್ಪು ಜಾಸ್ತಿ ಅನ್ನಬೇಕು, ಸಾಯುವುದರೊಳಗೆ ಅಷ್ಟಾದರೆ ಸಾಕು ಅನ್ನಿಸಿತು.

ಆ ದಿನಗಳಲ್ಲೇ ಡಾಕ್ಟರಮ್ಮ ನಮ್ಮೂರಿಗೆ ಬಂದದ್ದು. ಹೆಸರು ಮೃದುಲಾ, ಇನ್ನೂ ಚಿಕ್ಕ ವಯಸ್ಸು. ಬಸ್ ಸ್ಟ್ಯಾಂಡಿನ ಎದುರಿನ ಮಹಡಿ ಹಿಡಿದು, “ಕಣ್ಣಿನ ಮೇಲೆ ಕುಳಿ ಬಿದ್ದಿದೆಯೇ? ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲಾಗುವುದು” ಅಂತ ಬೋರ್ಡು ಹಾಕಿಸಿದರು. ನಮ್ಮವರು ಓದಿದರು. ಕುಳಿಯನ್ನು ಇಲ್ಲದ ಹಾಗೆ ಮಾಡುತ್ತಾರೆ ಅಂತ ಒಬ್ಬನ ತಲೆಗೂ ಹೊಳೆಯಲಿಲ್ಲ. ಇದ್ದದ್ದನ್ನು ಯಾರಾದರೂ ಮುಚ್ಚಿಸಿಕೊಳ್ಳುತ್ತಾರೆಯೇ. ಸಣ್ಣದನ್ನು ದೊಡ್ಡದು ಮಾಡಿಕೊಡುತ್ತಾರೆ ಅಂತ ತಿಳಿದು ಮೊದಲ ದಿನವೇ ಮೆಟ್ಟಿಲ ತುಂಬ ನಿಂತರು. ಎಲ್ಲರಿಗಿಂತ ಮುಂದೆ ಹಾಲಿನ ಸೊಸೈಟಿಯ ಚಿಕ್ಕರಂಗಪ್ಪ. ಅವನು ಮತ್ತೊಂದು ಸಲ ಅಧ್ಯಕ್ಷನಾಗಬೇಕಿತ್ತು, ಕಾಳು ನೋಡಿದರೆ ಒಂದು. ಅದನ್ನೂ ಮೇಷ್ಟ್ರು ಎಂಜಲು ಹಚ್ಚಿ ಅಂಟಿಸಿದ್ದು ಅಂತ ಜನ ಆಡಿಕೊಳ್ಳುತ್ತಿದ್ದರು.

“ಎಷ್ಟು ಆಳ ತೋಡ್ತೀರಿ?” ಅಂತ ಕೇಳಿದನಂತೆ.

“ತೋಡೋದಲ್ಲ ಯಜಮಾನ್ರೇ, ತುಂಬೋದು,” ಅಂದರಂತೆ ಡಾಕ್ಟರಮ್ಮ.

“ತುಂಬಿಸಿ ಕಳಿಸಿರೋನು ದೇವರೇ, ನೋಡಿ ಹೆಂಗಿದೆ. ಒಂದ್ ಆರು ಕಾಳು ಹಿಡಿಯೋ ಹಂಗೆ ಮಾಡ್ಕೊಡಿ. ಜಾಸ್ತಿ ಬೇಡ, ಜನಕ್ಕೆ ಅನುಮಾನ ಬರುತ್ತೆ.”

ಡಾಕ್ಟರಮ್ಮ ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. ಕೊನೆಗೆ ಮೆಟ್ಟಿಲಿಳಿದು ಬಂದವನು ಹಣೆಗೆ ಕೈ ಇಟ್ಟುಕೊಂಡು, “ದೊಡ್ಡ ಓದು ಓದವ್ಳೆ ಪಾಪ, ಉಲ್ಟಾ ಓದವ್ಳೆ,” ಅಂದ. ಹದಿನೈದು ದಿನದಲ್ಲಿ ಐವತ್ತು ಜನ ಬಂದು ತೋಡಿ ಅಂದರು, ಐವತ್ತು ಜನಕ್ಕೂ ಅವರು ಆಗುವುದಿಲ್ಲ ಅಂದರು. ಚಿಕ್ಕರಂಗಪ್ಪ ರೆಪ್ಪೆಗೆ ಕಾಡಿಗೆ ತೀಡಿಕೊಂಡು ಓಡಾಡಲು ಶುರುಮಾಡಿದ. ದೂರದಿಂದ ನಾಲ್ಕು ಕಾಳಿನ ಹಾಗೆ ಕಾಣುತ್ತಿತ್ತು, ಬೆವರಿದರೆ ಗಲ್ಲಕ್ಕೆ ಇಳಿಯುತ್ತಿತ್ತು.

ಡಾಕ್ಟರಮ್ಮ ಸಾಮಾನು ಕಟ್ಟುತ್ತಿದ್ದ ದಿನ ನಾನು ಮೆಟ್ಟಿಲು ಹತ್ತಿದೆ.

“ನಿಮಗೂ ತೋಡಬೇಕಾ ಅಜ್ಜ?” ಅಂದರು, ತಲೆ ಎತ್ತದೆ.

“ತುಂಬಬೇಕು ತಾಯಿ.”

ಆಗ ತಲೆ ಎತ್ತಿದರು. ಕುರ್ಚಿ ಎಳೆದು ಕಿಟಕಿಯ ಬೆಳಕಿಗೆ ಕೂರಿಸಿ, ಕುಳಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, “ಇಷ್ಟು ಆಳ ನಾನು ಪುಸ್ತಕದಲ್ಲೂ ನೋಡಿಲ್ಲ,” ಅಂದರು. “ಏನು ತೊಂದರೆ ಇದರಿಂದ? ಕಣ್ಣು ಪೂರ್ತಿ ಮುಚ್ಚುತ್ತಾ? ನೋವಿದೆಯಾ?”

“ಮುಚ್ಚುತ್ತೆ, ನೋವಿಲ್ಲ. ಹೋಟೆಲಲ್ಲಿ ಯಾರೂ ಮಾತಾಡ್ಸಲ್ಲ.”

ಅರ್ಥವಾಯಿತೋ ಇಲ್ಲವೋ, ಬರೆದುಕೊಂಡರು. ಆಮೇಲೆ ಅಂಗಿ ಎತ್ತಿಸಿ ನನ್ನ ಹೊಟ್ಟೆಯ ಚರ್ಮ ಚಿವುಟಿದರು. ಅಲ್ಲಿ ಚಿವುಟಲು ಚರ್ಮ ಬಿಟ್ಟು ಬೇರೇನೂ ಸಿಗಲಿಲ್ಲ. ಹೊಟ್ಟೆಯ ಕೊಬ್ಬು ತೆಗೆದು, ಸೋಸಿ, ಸೂಜಿಯಲ್ಲಿ ಕಣ್ಣಿನ ಮೇಲೆ ತುಂಬುವುದಂತೆ ಈ ಚಿಕಿತ್ಸೆ. ತಮ್ಮ ಕೊಬ್ಬೇ ಆಗಬೇಕು, ಇನ್ನೊಬ್ಬರದು ಒಗ್ಗುವುದಿಲ್ಲ.

“ನಿಮ್ಮಲ್ಲಿ ಒಂದು ಚಮಚ ಕೂಡ ಇಲ್ಲವಲ್ಲ ಅಜ್ಜ. ಚೆನ್ನಾಗಿ ಊಟ ಮಾಡಿ, ಐದು ಕೇಜಿ ತೂಕ ಮಾಡ್ಕೊಂಡು ಬನ್ನಿ. ಅಲ್ಲೀತನಕ ನಾನಿರ್ತೀನಿ. ಬೇರೆ ಯಾರೂ ಬರೋ ಹಾಗೂ ಕಾಣಲ್ಲ.”

ಐದು ಕೇಜಿ ನಾನು ಎಪ್ಪತ್ತೆರಡು ವರ್ಷದಲ್ಲಿ ಮಾಡಿದವನಲ್ಲ. ಆಸೆ ಅಲ್ಲಿಗೇ ಮುಗಿಯಿತು ಅಂದುಕೊಂಡು ಮನೆಗೆ ಬಂದು ಸರಸಮ್ಮನಿಗೆ ಹೇಳಿದೆ. ಅದು ನನ್ನದೇ ಮಾತು, ಹೇಳಬಹುದಿತ್ತು. ಅವಳು ಒಲೆಯ ಮೇಲಿದ್ದ ಸಾರನ್ನು ಹಾಗೇ ಬಿಟ್ಟು ಬಿಂದಿಗೆ ಎತ್ತಿಕೊಂಡಳು. ಬಿಂದಿಗೆ ಆಗಲೇ ತುಂಬಿತ್ತು. ನೀರನ್ನು ಅಂಗಳಕ್ಕೆ ಚೆಲ್ಲಿ ಹೋದಳು.

ಊರು ನಡುಗಿತು. ನಾನು ಕುಳಿ ತುಂಬಿಸಿಕೊಂಡರೆ ಒಳಗಿರುವುದು ಏನಾಗುತ್ತದೆ ಅನ್ನುವ ಪ್ರಶ್ನೆಗೆ ಮೇಷ್ಟ್ರು ಚಾವಡಿಯಲ್ಲಿ ಕೂತು, “ತುಂಬಿದ ಬಿಂದಿಗೆಗೆ ಕಲ್ಲು ಹಾಕಿದ್ರೆ ನೀರೆಲ್ಲಿ ಹೋಗುತ್ತೆ? ಆಚೆಗೆ,” ಅಂದರಂತೆ. ಮೇಷ್ಟ್ರದ್ದೂ ಎರಡು ವಿಷಯ ನನ್ನ ಹತ್ತಿರವಿದ್ದವು. ಹೇಳಿ ಮುಗಿಸುವಷ್ಟರಲ್ಲಿ ಅವರೇ ಬೆವೆತಿದ್ದರಂತೆ.

ಮರುದಿನ ಬೆಳಿಗ್ಗೆ ತಾಯಮ್ಮ ಒಂದು ಡಬ್ಬಿ ಕಜ್ಜಾಯ ತಂದಳು.

“ನಿನ್ ಕಣ್ಣು ಎಷ್ಟ್ ಚೆಂದ ಐತೆ ಆಚಾರಜ್ಜ. ಹಂಗೇ ಇರ್ಲಿ ಬಿಡು. ತಿನ್ನು, ತುಪ್ಪದಲ್ಲೇ ಕರಿದಿದೀನಿ.”

“ಹೂಂ,” ಅಂದೆ. ನನ್ನ ಬಾಯಿಗೆ ಬರುವುದು ಅದೊಂದೇ.

ಅವಳ ಹಿಂದೆ ಒಬ್ಬಟ್ಟು ಬಂತು, ಹಾಲುಬಾಯಿ ಬಂತು. ಕೆಂಚಣ್ಣ ದಿನಾ ಮೂರು ಬೆಣ್ಣೆ ದೋಸೆ ಎಲೆಯಲ್ಲಿ ಕಟ್ಟಿ ಮನೆಗೇ ಕಳಿಸಿದ. ಹೋಟೆಲಿಗೆ ಬಾ ಅನ್ನಲಿಲ್ಲ. ಚಿಕ್ಕರಂಗಪ್ಪ ಸೊಸೈಟಿಯ ಕೆನೆ ಕಾಸಿದ ತುಪ್ಪವನ್ನು ವಾರಕ್ಕೊಂದು ತಂಬಿಗೆ ತಂದಿಟ್ಟು, “ಬಾಲ್ಯದ ಸ್ನೇಹಿತ ಕಣೋ ನೀನು,” ಅಂತ ಕೈ ಹಿಡಿದುಕೊಂಡ. ನಾವು ಬಾಲ್ಯದಲ್ಲಿ ಹೊಡೆದಾಡಿದ್ದು ಬಿಟ್ಟರೆ ಬೇರೇನೂ ಮಾಡಿದವರಲ್ಲ. ಯಾರೂ ತಮ್ಮ ವಿಷಯ ಎತ್ತುತ್ತಿರಲಿಲ್ಲ. ಕಣ್ಣಿನ ಕುಳಿಯನ್ನೇ ನೋಡುತ್ತಾ, ಉಣ್ಣು, ಉಣ್ಣು ಅನ್ನುತ್ತಿದ್ದರು. ಕೊಟ್ಟವರ ಮನಸ್ಸು ನೋಯಿಸಬಾರದು ಅಂತ ನಾನು ತಿಂದೆ. ತಿಂದದ್ದನ್ನು ನೋಡಿ ಅವರು, ಆಚಾರಿ ಒಪ್ಪಿದ ಅಂದುಕೊಂಡರು. ನಾನು ಒಪ್ಪಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಎರಡು ತಿಂಗಳು ಕಳೆಯಿತು. ಒಂದು ದಿನ ತಾಯಮ್ಮ ಹೊಂಗೆಮರದ ಹತ್ತಿರ ಕಜ್ಜಾಯದ ಡಬ್ಬಿ ಹಿಡಿದು ನಿಂತಿದ್ದಾಗ ನಾನು ಪಂಚೆ ಬಿಗಿ ಮಾಡಿಕೊಳ್ಳಲು ಎದ್ದೆ. ಪಂಚೆಯ ತುದಿಗಳು ಮೊದಲಿನ ಹಾಗೆ ಸೇರಲಿಲ್ಲ. ಅವಳು ನನ್ನ ಹೊಟ್ಟೆ ನೋಡಿದಳು, ಡಬ್ಬಿ ನೋಡಿದಳು, ಮತ್ತೆ ಹೊಟ್ಟೆ ನೋಡಿದಳು.

“ಇದು ನಂದೇ ಅಲ್ವಾ,” ಅಂದಳು, ಸಣ್ಣ ದನಿಯಲ್ಲಿ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದು ಹೋದಳು.

ಮಾರನೇ ದಿನದಿಂದ ಊರು ನನಗೆ ನೀರಾದ ಹುರುಳಿ ಸಾರು ಕಳಿಸಲು ಶುರುಮಾಡಿತು. ವಯಸ್ಸಾದವರಿಗೆ ನಡೆಯುವುದು ಒಳ್ಳೆಯದು ಅಂತ ಮೇಷ್ಟ್ರು ಕೆರೆ ಏರಿಯ ಮೇಲೆ ಎರಡು ಸುತ್ತು ಹಾಕಿಸಿದರು. ಮೂರನೇ ಸುತ್ತಿಗೆ ನಾನು ಕೆರೆ ಏರಿ ಇಳಿದು ನೇರ ಡಾಕ್ಟರಮ್ಮನ ಮೆಟ್ಟಿಲು ಹತ್ತಿದೆ. ತೂಕ ಹಾಕಿದರು. ಆರೂವರೆ ಕೇಜಿ ಏರಿತ್ತು.

ಮಾಡುವ ದಿನ ನನ್ನನ್ನು ಮಲಗಿಸಿ ಹೊಟ್ಟೆಗೆ ಮರಗಟ್ಟುವ ಸೂಜಿ ಹಾಕಿದರು. ಸಣ್ಣ ಕೊಳವೆಯಲ್ಲಿ ಎಳೆದದ್ದನ್ನು ಸೋಸಿ ಗಾಜಿನಲ್ಲಿ ತೋರಿಸಿದರು. ಹಳದಿಗೆ, ಮರಳು ಮರಳಾಗಿ, ಚಳಿಗಾಲದ ತುಪ್ಪದ ಹಾಗಿತ್ತು.

“ಇದು ಚಿಕ್ಕರಂಗಪ್ಪನ ಮನೇದು,” ಅಂದೆ.

ಅವರು ನಕ್ಕರು. ನನ್ನ ಮಾತಿಗೆ ಒಬ್ಬರು ನಕ್ಕದ್ದು ಯಾವ ಕಾಲವಾಗಿತ್ತೋ. ಆಮೇಲೆ ಮುಖದ ಮೇಲೆ ಬಗ್ಗಿ, ಹುಬ್ಬಿನ ಕೆಳಗೆ ಸೂಜಿ ಇಟ್ಟು ಹನಿ ಹನಿಯಾಗಿ ತುಂಬತೊಡಗಿದರು. ನನಗೆ ಎಚ್ಚರವಿತ್ತು. ಕೋಣೆಯಲ್ಲಿ ನಾವಿಬ್ಬರೇ. ಅರ್ಧ ಗಂಟೆಯ ಕೆಲಸ. ಕುಳಿಗೆ ಅಷ್ಟು ಹತ್ತಿರ ಅಷ್ಟು ಹೊತ್ತು ಮುಖ ಇಟ್ಟುಕೊಂಡವರು ಸುಮ್ಮನಿರುವುದು ಸಾಧ್ಯವಿಲ್ಲ ಅಂತ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

“ಅಜ್ಜ, ನಿಮಗೊಂದು ವಿಷಯ ಹೇಳ್ತೀನಿ,” ಅಂದರು. “ನಾನು ಈ ಊರಿಗೆ ಯಾಕೆ ಬಂದೆ ಅಂತ ಯಾರಿಗೂ ಹೇಳಿಲ್ಲ.”

“ಹೂಂ,” ಅಂದೆ.

ಹೇಳಿದರು. ಮುಗಿದಾಗ ಮೂಗು ಒರೆಸಿಕೊಂಡು ಕನ್ನಡಿ ಹಿಡಿಯಲು ಹೋದವರು ನಿಂತು, “ಎಡಗಡೆ ತುಂಬಿದ್ದೆನಲ್ಲ, ಈಗ ಯಾಕೆ ಸ್ವಲ್ಪ ಇಳಿದ ಹಾಗಿದೆ?” ಅಂದರು. ಇನ್ನೆರಡು ಹನಿ ಹಾಕಿ ಮಟ್ಟ ಮಾಡಿದರು.

ಊತ ಇಳಿಯಲು ಹತ್ತು ದಿನ ಬೇಕು, ಉಜ್ಜಬಾರದು ಅಂದಿದ್ದರು. ಆ ಹತ್ತು ದಿನ ನಾನು ಮನೆಯಲ್ಲಿದ್ದೆ. ಊರಿನಲ್ಲಿ ಕೆಲವರು ನೆಂಟರ ಮನೆಗೆ ಹೊರಟುಹೋದರು. ಸರಸಮ್ಮ ಮಾತ್ರ ನನ್ನ ಬಾಯಿಯ ಎದುರು ಮಣೆ ಹಾಕಿಕೊಂಡು ಕೂತಳು. ನಾನು ಆಕಳಿಸಿದರೆ ಮುಂದಕ್ಕೆ ಬಗ್ಗುತ್ತಿದ್ದಳು. ನೀರು ಅಂದೆ, ಅನ್ನ ಅಂದೆ, ಸೆಕೆ ಅಂದೆ. ಇನ್ನೇನೂ ಆಚೆ ಬರಲಿಲ್ಲ.

ಹನ್ನೊಂದನೇ ದಿನ ಬಾಗಿಲು ತೆಗೆದರೆ ಅಂಗಳದ ತುಂಬ ಜನ. ನನ್ನ ಕಣ್ಣಿನ ಮೇಲೆ ನುಣ್ಣಗೆ, ದುಂಡಗೆ, ಚಿಕ್ಕಂದಿನಲ್ಲಿ ಇದ್ದ ಹಾಗೆ ಆಗಿತ್ತು. ಮೇಷ್ಟ್ರು ಹತ್ತಿರ ಬಂದು ನೋಡಿ, “ಒಂದು ಕಾಳೂ ನಿಲ್ಲಲ್ಲ,” ಅಂದರು. ಜನ ಉಸಿರು ಹಿಡಿದರು. ಒಂದು ಕಾಳೂ ನಿಲ್ಲದವನ ಒಳಗೆ ಏನಿದ್ದೀತು, ಇದ್ದದ್ದು ಎಲ್ಲಿಗೆ ಹೋಯಿತು. ತಾಯಮ್ಮನೇ ಧೈರ್ಯ ಮಾಡಿ ಮುಂದೆ ಬಂದಳು.

“ಆಚಾರಜ್ಜ, ನಾನೊಂದ್ಸಲ ಸ್ಟೀಲ್ ಲೋಟ ತಂದಿದ್ದೆ. ಆವತ್ತು ನಿಂಗೆ ಏನ್ ಹೇಳ್ದೆ?”

ಅವಳ ಗಂಡ ಅಲ್ಲೇ ಪಕ್ಕದಲ್ಲಿದ್ದ. ಅವಳು ಕೇಳುವಾಗ ಕಣ್ಣು ಮುಚ್ಚಿಕೊಂಡಿದ್ದಳು. ನನಗೆ ಆ ಲೋಟದ ಅಂಚಿನಲ್ಲಿದ್ದ ನೆಗ್ಗು ಕೂಡ ನೆನಪಿತ್ತು. ನೆನಪಿದೆ, ಆದರೆ ಹೇಳುವುದಿಲ್ಲ ಅಂದಿದ್ದರೆ ಅದು ನಿಜವಾಗುತ್ತಿತ್ತು. ಆದರೆ ಬೆಂಚು ಹೋಗುತ್ತಿತ್ತು. ನಾನು ಅಲ್ಲಿಯವರೆಗೆ ಸುಳ್ಳು ಹೇಳಿದವನಲ್ಲ, ಹೇಳುವಷ್ಟು ಮಾತೇ ಆಡಿರಲಿಲ್ಲ.

“ಯಾವ್ ಲೋಟ?” ಅಂದೆ. “ಸ್ಟೀಲಿಗೆ ಯಾರಾದ್ರೂ ಕಲಾಯಿ ಹಾಕ್ತಾರಾ.”

ಅಂಗಳದಲ್ಲಿ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಮುಚ್ಚಿಹೋಯಿತು, ಮೇಲೆ ಮಣ್ಣು ಬಿತ್ತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ತಾಯಮ್ಮ ಗಂಡನ ತೋಳು ಹಿಡಿದುಕೊಂಡು ಹೋದಳು. ಸರಸಮ್ಮ ಬಾಗಿಲಿಗೆ ಒರಗಿ, “ಇಷ್ಟ್ ವರ್ಷ ಕಾದಿದ್ದು ಮಣ್ಣಾಯ್ತಾ,” ಅಂತ ಒಳಗೆ ಹೋದಳು. ಅವಳೊಬ್ಬಳೇ ಆವತ್ತು ನಗಲಿಲ್ಲ.

ಕೆಂಚಣ್ಣ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಬೆಂಚಿನ ನಡುವೆ ಕೂರಿಸಿದ. ನಾನು ಮೊದಲು ಕೇಳಿದ್ದು ಒಂದೇ. “ಆವತ್ತು ಬೆಂಚು ಕುಟ್ಟಿ ನಗ್ತಿದ್ರಲ್ಲ, ಏನದು?”

ಆರು ಜನವೂ ಯೋಚಿಸಿದರು. ಒಬ್ಬನಿಗೂ ನೆನಪಾಗಲಿಲ್ಲ. ನನಗೆ ಬೇಜಾರಾಗಬಾರದು ಅಂತ ಒಬ್ಬೊಬ್ಬರೂ ಒಂದೊಂದು ತಮಾಷೆ ಹೇಳಿದರು, ಒಂದೂ ಅಷ್ಟು ಚೆನ್ನಾಗಿರಲಿಲ್ಲ. ನಾನು ಎಲ್ಲದಕ್ಕೂ ನಕ್ಕೆ. ನಡುವೆ ಪಕ್ಕದವನು ನನ್ನ ಕಡೆ ತಿರುಗಿ, “ಚಟ್ನಿ ಸಪ್ಪೆ ಅನ್ನಿಸ್ತಿದೆಯಾ ನಿಂಗೆ?” ಅಂದ. ನಾನು ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡೆ.

ಆಮೇಲಿನ ದಿನಗಳಲ್ಲಿ ಒಂದು ಹೊಸ ರೂಢಿ ಶುರುವಾಯಿತು. ನಾನು ಎಲ್ಲ ಮರೆತಿದ್ದೇನೆ ಅಂತಾದ ಮೇಲೆ ಜನ ತಮ್ಮ ತಮ್ಮ ಕಥೆಯನ್ನು ನನಗೆ ಹೊಸದಾಗಿ ಹೇಳತೊಡಗಿದರು. ಒಗೆದು, ಗಂಜಿ ಹಾಕಿ, ಮಡಿಕೆ ಮಾಡಿದ ಕಥೆಗಳು. ಜಗಳದಲ್ಲಿ ಹೊಡೆದವರು ಈಗ ಬಿಡಿಸಲು ಹೋದವರಾಗಿದ್ದರು. ಓಡಿಹೋದವರು ಕಾಶಿಗೆ ಹೋಗಿದ್ದರು. ನಾನು ಹೌದಾ, ಹೌದಾ ಅನ್ನುತ್ತಿದ್ದೆ. ಒಂದು ದಿನ ಚಿಕ್ಕರಂಗಪ್ಪ ಬೆಂಚಿನ ಮೇಲೆ ನಿಂತು, ಪ್ರಾಯದಲ್ಲಿ ತಾನು ಹುಣಸೆತೋಪಿನಲ್ಲಿ ಚಿರತೆ ಕೊಂದದ್ದನ್ನು ಹೇಳಿದ. ಊರು ಬಲ್ಲ ಕಥೆಯೇ. ಮೊದಲಾದರೆ ನಾನು ಎದುರಿಗಿದ್ದಾಗ ಚಿಕ್ಕದಾಗಿ ಮುಗಿಸುತ್ತಿದ್ದ. ಆವತ್ತು ಚಿರತೆ ಎತ್ತಿನಷ್ಟಾಯಿತು, ದೊಣ್ಣೆ ಒಂದೇ ಏಟು, ಕೊನೆಗೆ ಚಿರತೆ ಕೈ ಮುಗಿಯುವುದೊಂದು ಬಾಕಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಧ್ಯಾಹ್ನ ಉಣ್ಣಲು ಕೂತಾಗ ಸರಸಮ್ಮ ಅದೇ ಕಥೆಯನ್ನು ನಲ್ಲಿಯಿಂದ ತಂದಿದ್ದಳು. ಮುದ್ದೆ ಬಡಿಸುತ್ತಾ, “ಒಂದೇ ಏಟಂತೆ, ದೊಣ್ಣೆ ಎತ್ತಿ ಹಿಂಗೆ,” ಅಂದಳು.

ನನ್ನ ಗಮನ ಸಾರಿನ ಮೇಲಿತ್ತು. “ಮರದ ಮೇಲೆ ಕೂತೋನಿಗೆ ದೊಣ್ಣೆ ಎಲ್ಲಿಂದ ಬಂತು,” ಅಂದೆ.

ಸೌಟು ಗಾಳಿಯಲ್ಲಿ ನಿಂತಿತು. ನಿಮಗೂ ಕೇಳಿಸಿತು, ಇರಲಿ, ಮರೆತುಬಿಡಿ.

ಸರಸಮ್ಮ ಸೌಟು ಕೆಳಗಿಟ್ಟಳು. “ನಿಮಗೆ ಎಲ್ಲಾ ನೆನಪೈತೆ,” ಅಂದಳು.

ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ.

“ಲೋಟದ್ದೂ?”

ಎಲೆ ಮಡಿಸಿದೆ. “ಹೊರಗೆ ಗೊತ್ತಾದ್ರೆ ತಾಯಮ್ಮ ತಲೆ ಎತ್ತಲ್ಲ ಸರಸಾ. ನಂಗೂ ಬೆಂಚಿರಲ್ಲ,” ಅಂದೆ. ಇನ್ನೇನು ಹೇಳುವುದಿತ್ತು. ಅವಳು ಮೂಲೆಯಲ್ಲಿದ್ದ ಬಿಂದಿಗೆ ಎತ್ತಿಕೊಂಡಳು. ಅದು ತುಂಬಿತ್ತೋ ಖಾಲಿಯಿತ್ತೋ ನೋಡಲಿಲ್ಲ, ಹೊರಟಳು. ನಾನು ಕೈ ತೊಳೆಯುವುದನ್ನೂ ಮರೆತು ಕೂತೆ. ಎರಡು ತಿಂಗಳ ಕಜ್ಜಾಯ, ಆರೂವರೆ ಕೇಜಿ, ಒಂದು ಸುಳ್ಳು, ಎಲ್ಲ ಸೇರಿಸಿ ಹದಿಮೂರು ದಿನ ಬೆಂಚಿನ ಮೇಲೆ ಕೂತಿದ್ದೆ.

ಸಂಜೆ ಹೋಟೆಲಿಗೆ ಹೋದೆ, ರೇಡಿಯೋ ಜೋರಾಗುತ್ತದೆ ಅಂತ ಗೊತ್ತಿದ್ದೇ ಹೋದೆ. ಕೆಂಚಣ್ಣ, “ಬಾ ಆಚಾರಜ್ಜ, ಇವನ ಎಮ್ಮೆ ಕಥೆ ಕೇಳು,” ಅಂದು ಸರಿದು ಜಾಗ ಕೊಟ್ಟ. ಮರುದಿನವೂ ಕೊಟ್ಟ. ಅದರ ಮರುದಿನವೂ. ನಲ್ಲಿಯ ಹತ್ತಿರದಿಂದ ಬರುತ್ತಿದ್ದ ತಾಯಮ್ಮ ನನ್ನನ್ನು ನೋಡಿ, “ನಿಮ್ಮನೇವ್ರಿಗೆ ಹುಷಾರಿಲ್ವಾ? ಮೂರು ದಿನದಿಂದ ಬಿಂದಿಗೆ ತುಂಬಿಸ್ಕೊಂಡು ಸುಮ್ನೆ ಹೋಗ್ತಾವ್ರೆ,” ಅಂದಳು.

ನಾಲ್ಕನೇ ದಿನ ಬೆಳಿಗ್ಗೆ ಸರಸಮ್ಮ ಮುಖ ತೊಳೆದು ಬಂದು ಬಾಗಿಲ ಬೆಳಕಿನಲ್ಲಿ ನಿಂತಳು. ಎಡಗಣ್ಣಿನ ಮೇಲೆ, ಹುಬ್ಬಿನ ಕೆಳಗೆ, ಬೆರಳಿನಿಂದ ಒತ್ತಿ ಬಿಟ್ಟಷ್ಟು ಒಂದು ಕಡೆ ಒಳಕ್ಕೆ ಹೋಗಿತ್ತು.

“ಏನ್ ನೋಡ್ತೀರ?” ಅಂದಳು.

“ಏನೋ ಆಗಿದೆ ಕಣ್ಣಿಗೆ.”

“ಸೀಗೆಪುಡಿ ಬಿತ್ತು,” ಅಂದಳು. ಸೀಗೆಪುಡಿ ಬಿದ್ದ ಕಣ್ಣು ಕೆಂಪಾಗಿರುತ್ತದೆ, ಇದು ಕೆಂಪಾಗಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತಳು.

“ಆ ಚಿರತೆ,” ಅಂದಳು, ದನಿ ಇಳಿಸಿ. “ಇತ್ತಾ, ಅದೂ ಇರ್ಲಿಲ್ವಾ?”

ನಾನು ಎದ್ದು ಹಾಡಹಗಲಲ್ಲಿ ಬಾಗಿಲು ಹಾಕಿ ಬಂದೆ. ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಹುಣಸೆತೋಪಿನ ಮೊದಲಿನಿಂದ ಹೇಳಿದೆ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಮುಗಿಯುವಷ್ಟರಲ್ಲಿ ಚಾಪೆಯ ಮೇಲೆ ಮಗುಚಿ ನೆಲ ಕುಟ್ಟುತ್ತಿದ್ದಳು. ಏನು ಹೇಳಿದೆ ಅಂತ ನಿಮಗೆ ಹೇಳುವಂತಿಲ್ಲ. ಎದ್ದು ಕೂತು ಕಣ್ಣೀರು ಒರೆಸಿಕೊಂಡು, “ಮೇಷ್ಟ್ರದ್ದು?” ಅಂದಳು.

“ನಾಳೆ,” ಅಂದೆ. ಒಂದೇ ಸಲಕ್ಕೆ ಹಾಕಿದರೆ ಹೊಸ ಕುಳಿ ತಡೆಯುವುದಿಲ್ಲ.